ಟ್ಯೂನ್ ಮಾಡಿಸಿದ ಮೇಲೂ ಕುದುರೆ ಕಮ್ಮಿ ಬಂದರೆ ಎಲ್ಲಿಂದ ಹುಡುಕಬೇಕು

ದೂರು ಯಾವಾಗಲೂ ಒಂದೇ ಥರ. “ಸ್ಟೇಜ್ ಒನ್ ಮಾಡಿಸಿದೆ, 300 ಬರುತ್ತೆ ಅಂದಿದ್ರು, ಡೈನೋ ಮೇಲೆ ಹತ್ತಿಸಿದ್ರೆ 232 ತೋರಿಸ್ತಿದೆ.” ಟ್ಯೂನ್ ಅಂದರೆ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಪವರ್ ಏರಿಸುವುದು, ಸ್ಟೇಜ್ ಒನ್ ಅದರ ಮೊದಲ ಮೆಟ್ಟಿಲು. ಇಷ್ಟು ದಿನ ಈ ದೂರನ್ನು ಬೇರೆಯವರ ಬಾಯಲ್ಲಿ ಕೇಳುತ್ತಿದ್ದೆ. ಈ ಸಲ ಸರದಿ ನನ್ನದು. ಗಾಡಿ ಎರಡು ಲೀಟರ್ ಟರ್ಬೊ ಪೆಟ್ರೋಲ್ (ಟರ್ಬೊ ಅಂದರೆ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಪಂಪು), ಪವರ್ ಮುಂದಿನ ಚಕ್ರಕ್ಕೆ, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡದ್ದು. ಕಂಪನಿ ಲೆಕ್ಕದಲ್ಲಿ 230 ಪಿಎಸ್, ಅಂದರೆ 230 ಕುದುರೆಯ ಶಕ್ತಿ. ಅಷ್ಟು ದುಡ್ಡು ಕೊಟ್ಟು ಎರಡೇ ಎರಡು ಕುದುರೆ ಕೊಂಡೆಯಲ್ಲೋ ಅಂತ ಗೆಳೆಯರು ನಕ್ಕರು.

ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವ ಕೆಲಸ ಇನ್ನೊಂದು ಪಾರ್ಟ್ ಕೊಳ್ಳುವುದು. ನಾನೂ ದೊಡ್ಡ ಇಂಟರ್‌ಕೂಲರ್‌ಗೆ (ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣಿಸುವ ಸಾಮಾನು) ಅಂತ 70 ಸಾವಿರ ಎತ್ತಿಟ್ಟಾಗಿತ್ತು. ಅದನ್ನು ಕೊಡುವ ಮುಂಚೆ ಗಾಡಿ ನೋಡಿಕೊಳ್ಳುವ ಮೆಕ್ಯಾನಿಕ್ ಒಂದು ಮಾತು ಹೇಳಿದರು: “ಸರ್, ಇರೋ ಗಾಳಿ ಎಲ್ಲಿ ಹೋಗ್ತಿದೆ ಅಂತ ನೋಡದೆ ಹೊಸ ಸಾಮಾನು ಹಾಕಿಸ್ಬೇಡಿ.” ಆಮೇಲೆ ನಾವು ಹುಡುಕಿದ ಕ್ರಮ ಇಲ್ಲಿದೆ. ಟರ್ಬೊ ಇರುವ ಯಾವ ಪೆಟ್ರೋಲ್ ಗಾಡಿಗೂ ಹೆಚ್ಚುಕಮ್ಮಿ ಇದೇ ನಡೆಯುತ್ತದೆ. ಖರ್ಚಿಲ್ಲದ ಕೆಲಸ ಮೊದಲು, ದುಡ್ಡಿನ ಕೆಲಸ ಕೊನೆಗೆ.

ಮೊದಲು ಕಾಗದ ಓದಿ

ಡೈನೋ ಅಂದರೆ ಗಾಡಿಯ ಚಕ್ರವನ್ನು ರೋಲರ್ ಮೇಲೆ ಓಡಿಸಿ ಪವರ್ ಅಳೆಯುವ ಯಂತ್ರ. ಕಂಪನಿಯವರು ಹೇಳುವ ಸಂಖ್ಯೆ ಎಂಜಿನ್ನಿನ ಕ್ರ್ಯಾಂಕ್ ಹತ್ತಿರ ಅಳೆದದ್ದು. ರೋಲರ್ ತೋರಿಸುವುದು ಚಕ್ರಕ್ಕೆ ಬಂದು ಮುಟ್ಟಿದ್ದು. ನಡುವೆ ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಆಕ್ಸಲ್, ಟೈರು ಎಲ್ಲವೂ ತಮ್ಮ ಪಾಲು ಮುರಿದುಕೊಳ್ಳುತ್ತವೆ. ಮುಂದಿನ ಚಕ್ರದ ಗಾಡಿಗೆ 15 ಪರ್ಸೆಂಟ್ ಅಂತ ಹಿಡಿಯುವುದು ರೂಢಿ. ರೂಢಿ ಅಷ್ಟೇ, ನಿಯಮ ಅಲ್ಲ. ಟೈರಿನ ಗಾಳಿ ಇಳಿಸಿದರೂ, ಗಾಡಿಯನ್ನು ರೋಲರ್ ಮೇಲೆ ಹಿಡಿದಿಡುವ ಪಟ್ಟಿಯನ್ನು ಬಿಗಿಯಾಗಿ ಎಳೆದು ಕಟ್ಟಿದರೂ ಅದು ಬದಲಾಗುತ್ತದೆ. ಆ ಲೆಕ್ಕದಲ್ಲಿ ಕ್ರ್ಯಾಂಕಿನ 300 ಚಕ್ರದಲ್ಲಿ ಸುಮಾರು 255 ಆಗಬೇಕು. ಹಾಗಾಗಿ ನನ್ನ ಕೊರತೆ 68 ಅಲ್ಲ, 23. ಮನಸ್ಸು ಸ್ವಲ್ಪ ಹಗುರಾಯಿತು.

ಪಿಎಸ್‌ಗೂ ಎಚ್‌ಪಿಗೂ ಇರುವ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಪಿಎಸ್ ಅಂದರೆ 735.5 ವ್ಯಾಟ್, ಒಂದು ಎಚ್‌ಪಿ 745.7 ವ್ಯಾಟ್. 300 ಪಿಎಸ್ ಹೋಗಿ 296 ಎಚ್‌ಪಿ ಆಗುತ್ತದೆ, ಅಷ್ಟೇ.

ಅಳೆಯುವ ರೀತಿ ಬದಲಾದರೆ ಮಾತ್ರ ಎಂಥ ಆಟ ಆಗುತ್ತದೆ ಅನ್ನೋದಕ್ಕೆ ಅಮೆರಿಕದ ಕಾರ್ವೆಟ್ ಸ್ಪೋರ್ಟ್ಸ್ ಕಾರು ನೋಡಿ. ಅದರ ಎಲ್‌ಟಿ-1 ಎಂಜಿನ್ 1971ರಲ್ಲಿ 330 ಅಂತ ಬರೆಸಿಕೊಂಡಿತ್ತು. 1972ರಲ್ಲಿ ಅದೇ ಎಂಜಿನ್ 255ಕ್ಕೆ ಇಳಿಯಿತು. ಮೊದಲೆಲ್ಲ ಏರ್ ಫಿಲ್ಟರ್ ಇಲ್ಲದೆ, ಪೂರ್ತಿ ಸೈಲೆನ್ಸರ್ ಇಲ್ಲದೆ, ಬರೀ ಎಂಜಿನ್ನನ್ನು ಸ್ಟ್ಯಾಂಡ್ ಮೇಲೆ ಕೂರಿಸಿ ಅಳೆಯುತ್ತಿದ್ದರು. ಆಮೇಲೆ ಗಾಡಿಯಲ್ಲಿ ಇರುವ ಹಾಗೆಯೇ ಎಲ್ಲ ಜೋಡಿಸಿ ಅಳೆದರು. ಬಹುಪಾಲು ಕುದುರೆ ತಕ್ಕಡಿಯಲ್ಲೇ ಮಾಯವಾದವು. ಜಪಾನಿನಲ್ಲಿ ಇದರ ಉಲ್ಟಾ. 1989ರಿಂದ 2004ರವರೆಗೆ ಅಲ್ಲಿನ ಕಂಪನಿಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಯಾವ ಗಾಡಿಗೂ 280 ಪಿಎಸ್‌ಗಿಂತ ಜಾಸ್ತಿ ಬರೆಯುತ್ತಿರಲಿಲ್ಲ. ನಿಸಾನ್ ಕಂಪನಿಯ ಸ್ಕೈಲೈನ್ ಜಿಟಿ-ಆರ್ ಡೈನೋ ಹತ್ತಿದರೆ ಬೇರೆ ಕಥೆಯನ್ನೇ ಹೇಳುತ್ತಿತ್ತು.

ಈಗ ಮುಖ್ಯವಾದದ್ದು. ಶೀಟಿನ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಕರೆಕ್ಷನ್ ಫ್ಯಾಕ್ಟರ್ 1.13’ ಅಂತ ಇತ್ತು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 910 ಮಿಲಿಬಾರ್. ಮಂಗಳೂರಿನ ಕಡಲ ದಡದಲ್ಲಿ 1,013ರ ಆಸುಪಾಸು. ತೆಳು ಗಾಳಿಯಲ್ಲಿ ಅಳೆದದ್ದನ್ನು ಸಮುದ್ರ ಮಟ್ಟಕ್ಕೆ ಹೊಂದಿಸೋಕೆ ಡೈನೋದ ಸಾಫ್ಟ್‌ವೇರ್ ಗುಣಿಸಿಕೊಳ್ಳುತ್ತದೆ. ಟರ್ಬೊ ಇಲ್ಲದ ಗಾಡಿಗೆ ಇದು ನ್ಯಾಯವೇ, ಅದು ಇಲ್ಲಿ ನಿಜವಾಗಿಯೂ ಹತ್ತರಲ್ಲೊಂದು ಭಾಗ ಪವರ್ ಕಳೆದುಕೊಂಡಿರುತ್ತದೆ. ಟರ್ಬೊ ಗಾಡಿ ಹಾಗಲ್ಲ. ಮ್ಯಾನಿಫೋಲ್ಡ್‌ನಲ್ಲಿ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಇಷ್ಟು ಒತ್ತಡ ಬೇಕು ಅಂತ ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ಗುರಿ ಇಟ್ಟುಕೊಂಡಿರುತ್ತದೆ. ಗಾಳಿ ತೆಳುವಾದರೆ ಟರ್ಬೊವನ್ನೇ ಜಾಸ್ತಿ ತಿರುಗಿಸಿ ಬಹಳಷ್ಟನ್ನು ತುಂಬಿಕೊಳ್ಳುತ್ತದೆ. ಅದರ ಮೇಲೆ ಮತ್ತೆ 13 ಪರ್ಸೆಂಟ್ ಸೇರಿಸುವುದು ಕೊಟ್ಟ ಕೂಲಿಯನ್ನೇ ಇನ್ನೊಮ್ಮೆ ಕೊಟ್ಟ ಹಾಗೆ.

ಕರೆಕ್ಷನ್ ತೆಗೆಸಿ ಪ್ರಿಂಟ್ ಹಾಕಿಸಿದೆ. 205. ಹಗುರಾದ ಮನಸ್ಸು ಅಲ್ಲೇ ಭಾರವಾಯಿತು. ಕೊರತೆ 23 ಅಲ್ಲ, 50. ಸೇರಿಸಿಕೊಟ್ಟ ಕುದುರೆಗಳು ಅರ್ಧ ರೋಗವನ್ನು ಮುಚ್ಚಿಟ್ಟಿದ್ದವು.

ನಾನು ಮಾಡಿದ ದೊಡ್ಡ ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ಟ್ಯೂನ್‌ಗೆ ಮುಂಚೆ ಡೈನೋ ಮಾಡಿಸಿರಲಿಲ್ಲ. ಅದೇ ಡೈನೋ, ಅದೇ ಗೇರ್, ಅದೇ ಟೈರ್ ಪ್ರೆಶರ್‌ನಲ್ಲಿ ಮುಂಚಿನದೊಂದು ಶೀಟ್ ಇದ್ದಿದ್ದರೆ ಇಷ್ಟೆಲ್ಲ ಗುಣಾಕಾರ ಭಾಗಾಕಾರ ಬೇಕಿರಲಿಲ್ಲ ಅಲ್ವಾ?

ಕಂಪನಿಯಿಂದಲೇ ಕಮ್ಮಿ ಬಂದಾಗ

ಕಾಗದದ ಲೆಕ್ಕ ಸರಿಯಾದ ಮೇಲೂ ಕೊರತೆ ಉಳಿದರೆ ತಪ್ಪು ಗಾಡಿಯಲ್ಲೇ ಇದೆ. 1999ರ ಫೋರ್ಡ್ ಮಸ್ಟಾಂಗ್ ಕೋಬ್ರಾ ಇದಕ್ಕೆ ದೊಡ್ಡ ಉದಾಹರಣೆ. 4.6 ಲೀಟರ್ ವಿ8, ಬರೆದದ್ದು 320 ಎಚ್‌ಪಿ. ಕೊಂಡವರು ಡೈನೋ ಹತ್ತಿಸಿ ನೋಡಿದರೆ ಅಷ್ಟು ಬರಲಿಲ್ಲ. ಒಬ್ಬಿಬ್ಬರದ್ದಾದರೆ ಡೈನೋ ಸರಿಯಿಲ್ಲ ಅನ್ನಬಹುದಿತ್ತು. ಊರೂರಿನಲ್ಲೂ ಅದೇ ದೂರು. ಫೋರ್ಡ್ ತಾನೇ ಪರೀಕ್ಷೆ ಮಾಡಿ ಒಪ್ಪಿಕೊಂಡಿತು, ಆ ಆಗಸ್ಟ್‌ನಲ್ಲಿ ಮಾರಾಟ ನಿಲ್ಲಿಸಿತು, ಮಾರಿದ ಗಾಡಿಗಳನ್ನೂ ವಾಪಸ್ ಕರೆಸಿತು. 2000ದ ಸಾಲಿಗೆ ಕೋಬ್ರಾ ಆರ್ ಬಿಟ್ಟರೆ ಮಾಮೂಲಿ ಕೋಬ್ರಾ ಬರಲೇ ಇಲ್ಲ.

ಅವರು ಬದಲಾಯಿಸಿದ್ದು ಏನು ಅಂತ ಗಮನಿಸಿ. ಇನ್‌ಟೇಕ್ ಮ್ಯಾನಿಫೋಲ್ಡ್, ಹಿಂಬದಿಯ ಸೈಲೆನ್ಸರ್ ಪೈಪು, ಎಂಜಿನ್ ಕಂಪ್ಯೂಟರ್. ಪಿಸ್ಟನ್ ಬಿಚ್ಚಲಿಲ್ಲ, ಕ್ರ್ಯಾಂಕ್ ಮುಟ್ಟಲಿಲ್ಲ. ಒಳಗೆ ಬರುವ ಗಾಳಿ, ಹೊರಗೆ ಹೋಗುವ ಹೊಗೆ, ಎರಡನ್ನೂ ನೋಡಿಕೊಳ್ಳುವ ತಲೆ. ನಮ್ಮ ಹುಡುಕಾಟವೂ ಇಷ್ಟರೊಳಗೇ ಸುತ್ತಿತು.

ಗ್ರಾಫಿನ ಆಕಾರ ನೋಡಿ, ತುದಿ ಅಲ್ಲ

ಎಲ್ಲರೂ ಗ್ರಾಫಿನ ತುದಿಯ ಸಂಖ್ಯೆಯನ್ನೇ ನೋಡುತ್ತಾರೆ. ದೋಷ ಹುಡುಕುವವರು ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲದ ಗೆರೆ ನೋಡಬೇಕು. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 7,024ರಿಂದ ಭಾಗಿಸಿದರೆ ಪಿಎಸ್ ಸಿಗುತ್ತದೆ. ಅಂದರೆ 5,500 ಆರ್‌ಪಿಎಂನಲ್ಲಿ 300 ಬೇಕಿದ್ದರೆ ಅಲ್ಲಿ ಎಂಜಿನ್ 383 ನ್ಯೂಟನ್ ಮೀಟರ್ ಕೊಡುತ್ತಿರಬೇಕು. ಕೊಡುತ್ತಿಲ್ಲ ಅಂದರೆ ಎಲ್ಲಿಂದ ಕೊಡುವುದನ್ನು ನಿಲ್ಲಿಸಿತು ಅನ್ನೋದೇ ಪ್ರಶ್ನೆ.

ಗೆರೆ ಶುರುವಿನಿಂದ ಕೊನೆವರೆಗೆ ನುಣ್ಣಗೆ ಇದ್ದು ಒಟ್ಟಾರೆ ಕೆಳಗಿದ್ದರೆ ಇಸಿಯು ತಾನೇ ಕೈ ಹಿಡಿಯುತ್ತಿದೆ ಅಂತ ಅನುಮಾನ ಪಡಿ. ಪೆಟ್ರೋಲ್ ಸರಿಯಿಲ್ಲದೆ ನಾಕಿಂಗ್ (ಸಿಲಿಂಡರಿನೊಳಗೆ ಪೆಟ್ರೋಲ್ ತಾನಾಗಿಯೇ ಸಿಡಿಯುವುದು) ಆಗುತ್ತಿರಬಹುದು. ಆಟೋಮ್ಯಾಟಿಕ್ ಆದರೆ ಗೇರ್‌ಬಾಕ್ಸ್ ಕಂಪ್ಯೂಟರಿನ ಟಾರ್ಕ್ ಮಿತಿಯನ್ನು ಏರಿಸಿರಲಿಕ್ಕಿಲ್ಲ. ಎಂಜಿನ್‌ಗೆ ಮಾತ್ರ ಟ್ಯೂನ್ ಹಾಕಿ ಗೇರ್‌ಬಾಕ್ಸ್ ಹಾಗೇ ಬಿಟ್ಟ ಗಾಡಿಗಳಲ್ಲಿ ಇದು ತುಂಬಾ ಸಾಮಾನ್ಯ. ಮೊದಲ ರನ್ ಚೆನ್ನಾಗಿ ಬಂದು ಎರಡನೆಯದು, ಮೂರನೆಯದು ಕುಸಿಯುತ್ತಾ ಹೋದರೆ ಅದು ಬಿಸಿಯ ಕಾಟ. ಇಂಟರ್‌ಕೂಲರ್ ಮಾತು ಎತ್ತಬೇಕಾದದ್ದು ಆಗ ಮಾತ್ರ. ಎಂಜಿನ್ ಆರ್‌ಪಿಎಂ ಒಮ್ಮೆಲೇ ಮೇಲೆ ಹಾರಿ ರೋಲರ್ ವೇಗ ಹಿಂದೆ ಉಳಿದರೆ ಕ್ಲಚ್ ಜಾರುತ್ತಿದೆ. ಅದಕ್ಕೆ ಬೇರೆ ತಪಾಸಣೆ ಬೇಡ, ಮೂಗಿಗೇ ಗೊತ್ತಾಗುತ್ತದೆ.

ನನ್ನ ಗೆರೆ 3,000ದವರೆಗೆ ಸರಿಯಾಗಿಯೇ ಏರಿತ್ತು. 3,500ರಿಂದ ಮೇಲೆ ಸುಸ್ತಾದವರ ಹಾಗೆ ಚಪ್ಪಟೆ. 5,800 ದಾಟಿದ ಮೇಲೆ ಗರಗಸದ ಹಲ್ಲಿನ ಥರ ಸಣ್ಣ ಸಣ್ಣ ಏರಿಳಿತ. ಆ ಹಲ್ಲುಗಳನ್ನು ನಾನು ಮೊದಲು ಲೆಕ್ಕಕ್ಕೇ ತಗೊಂಡಿರಲಿಲ್ಲ. ಡೈನೋದ ಗದ್ದಲ ಅಂದುಕೊಂಡಿದ್ದೆ.

ಕೇಳಿದ್ದೆಷ್ಟು, ಸಿಕ್ಕಿದ್ದೆಷ್ಟು

ಮುಂದಿನ ಕೆಲಸ ಲಾಗ್ ತೆಗೆಯುವುದು, ಅಂದರೆ ಓಡುವಾಗ ಇಸಿಯು ನೋಡುವ ಸಂಖ್ಯೆಗಳನ್ನು ದಾಖಲಿಸಿಕೊಳ್ಳುವುದು. ಓಬಿಡಿ ಸಾಕೆಟ್‌ಗೆ (ಗಾಡಿಯ ದೋಷ ಓದುವ ಸಾಕೆಟ್) ಚುಚ್ಚುವ ಅಗ್ಗದ ಬ್ಲೂಟೂತ್ ಅಡಾಪ್ಟರ್ ಸಾಕು. ಆದರೆ ಇಪ್ಪತ್ತು ವಿಷಯ ಒಟ್ಟಿಗೆ ಕೇಳಿದರೆ ಅದು ಎರಡು ಸೆಕೆಂಡಿಗೊಮ್ಮೆ ಉತ್ತರ ಕೊಡುತ್ತದೆ, ಅಷ್ಟರಲ್ಲಿ ರನ್ನೇ ಮುಗಿದಿರುತ್ತದೆ. ಆರು ಆರಿಸಿಕೊಳ್ಳಿ: ಇಸಿಯು ಕೇಳಿದ ಬೂಸ್ಟ್ (ಟರ್ಬೊ ಒತ್ತಿಕೊಡುವ ಗಾಳಿಯ ಒತ್ತಡ), ಸಿಕ್ಕ ಬೂಸ್ಟ್, ವೇಸ್ಟ್‌ಗೇಟ್ ಪರ್ಸೆಂಟ್, ಒಳಗೆ ಬರುವ ಗಾಳಿಯ ಬಿಸಿ, ಸಿಲಿಂಡರ್‌ವಾರು ಟೈಮಿಂಗ್ ಕಡಿತ (ಕಿಡಿಯನ್ನು ಎಷ್ಟು ತಡ ಮಾಡಿದೆ ಅನ್ನೋದು), ಫ್ಯುಯೆಲ್ ರೈಲ್ ಪ್ರೆಶರ್ (ಇಂಜೆಕ್ಟರ್‌ಗಳಿಗೆ ಹೋಗುವ ಪೆಟ್ರೋಲಿನ ಒತ್ತಡ). ಇದನ್ನು ಡೈನೋ ಮೇಲೆಯೇ ಮಾಡಿ. ರಾತ್ರಿ ಏರ್‌ಪೋರ್ಟ್ ರಸ್ತೆಯಲ್ಲಿ ಲಾಗ್ ತೆಗೀತೀನಿ ಅನ್ನೋದು ರೇಸ್ ಚಟಕ್ಕೆ ಇಟ್ಟ ಇನ್ನೊಂದು ಹೆಸರು.

ಲಾಗ್ ಓದುವಾಗ ಒಂದು ಎಚ್ಚರ. ಇಸಿಯು ತೋರಿಸುವ ಒತ್ತಡದಲ್ಲಿ ಹೊರಗಿನ ಗಾಳಿಯದ್ದೂ ಸೇರಿರುತ್ತದೆ. ನನ್ನ ಗಾಡಿ 2.2 ಬಾರ್ ಕೇಳುತ್ತಿತ್ತು. ಮಂಗಳೂರಿನಲ್ಲಿ ಅದನ್ನು ಕೊಡಲು ಟರ್ಬೊ ಹೊರಗಿನ ಗಾಳಿಯನ್ನು 2.17 ಪಟ್ಟು ಒತ್ತಬೇಕು. ಬೆಂಗಳೂರಿನಲ್ಲಿ 2.42 ಪಟ್ಟು. ಇಲ್ಲಿ ಟರ್ಬೊ ಯಾವಾಗಲೂ ಏದುಸಿರು ಬಿಡುತ್ತಲೇ ಇರುತ್ತದೆ. ಕೆಳಗಿನ ಊರಿನಲ್ಲಿ ಬರೆದ ಟ್ಯೂನ್ ಫೈಲನ್ನು ಇಲ್ಲಿ ಹಾಗೇ ಸುರಿದರೆ ಮೇಲಿನ ಆರ್‌ಪಿಎಂನಲ್ಲಿ ಉಸಿರು ಸಾಲದೆ ಹೋಗುವುದು ಇದಕ್ಕೇ.

ನನ್ನ ಲಾಗಿನಲ್ಲಿ 5,000 ಆರ್‌ಪಿಎಂನ ಸಾಲು ಹೀಗಿತ್ತು: ಕೇಳಿದ್ದು 2.2 ಬಾರ್, ಸಿಕ್ಕಿದ್ದು 1.85, ವೇಸ್ಟ್‌ಗೇಟ್ 95 ಪರ್ಸೆಂಟ್. ವೇಸ್ಟ್‌ಗೇಟ್ ಅಂದರೆ ಹೆಚ್ಚಾದ ಹೊಗೆಯನ್ನು ಟರ್ಬೊಗೆ ಕೊಡದೆ ಪಕ್ಕಕ್ಕೆ ಬಿಡುವ ಬಾಗಿಲು. ಈ ಗಾಡಿಯಲ್ಲಿ 95 ಅಂದರೆ ಬಾಗಿಲು ಪೂರಾ ಹಾಕಿಬಿಟ್ಟಿದೆ, ಇರುವ ಹೊಗೆಯೆಲ್ಲ ಟರ್ಬೊಗೇ ಹೋಗುತ್ತಿದೆ, ಆದರೂ ಒತ್ತಡ ಏರುತ್ತಿಲ್ಲ. ಹಾಗಾದರೆ ಎರಡೇ ದಾರಿ: ಟರ್ಬೊ ಸುಸ್ತಾಗಿದೆ, ಇಲ್ಲವೇ ಅದು ಒತ್ತಿಕೊಟ್ಟ ಗಾಳಿ ದಾರಿಯಲ್ಲಿ ಸೋರುತ್ತಿದೆ. ಬಾಗಿಲು ಅರೆತೆರೆದಿದ್ದೂ ಬೂಸ್ಟ್ ಕಮ್ಮಿ ಇದ್ದಿದ್ದರೆ ಕಥೆ ಬೇರೆ, ಆಗ ಇಸಿಯುವೇ ಬೇಡ ಅನ್ನುತ್ತಿದೆ ಅಂತ ಅರ್ಥ.

ಲೆಕ್ಕವೂ ತಾಳೆಯಾಯಿತು. 2.2ಕ್ಕೆ 1.85 ಅಂದರೆ 84 ಪರ್ಸೆಂಟ್. 255ರಲ್ಲಿ ಅಷ್ಟು ಅಂದರೆ 214. ನನ್ನ 205 ಅದರ ಪಕ್ಕದಲ್ಲೇ ಇದೆ. ಉಳಿದ ಒಂಬತ್ತಕ್ಕೆ ಇನ್ನೇನೋ ಸಣ್ಣ ಕಾರಣ ಇರಬೇಕು.

ಚೆಕ್ ಎಂಜಿನ್ ಲೈಟ್ ಬಂದಿರಲೇ ಇಲ್ಲ. ಬೂಸ್ಟ್ ಕೊರತೆಯ ಕೋಡ್ ಪಿ0299 ಬರಬೇಕಾದರೆ ಕೊರತೆ ಒಂದು ಮಿತಿ ದಾಟಿ ಸ್ವಲ್ಪ ಹೊತ್ತು ಹಾಗೇ ನಿಲ್ಲಬೇಕು. ಲೈಟ್ ಇಲ್ಲ ಅಂತ ಗಾಡಿ ಚೆನ್ನಾಗಿದೆ ಅಂದುಕೊಳ್ಳಬೇಡಿ.

ಪಂಚರ್ ಅಂಗಡಿಯ ಉಪಕರಣ

ಸೋರಿಕೆ ಹುಡುಕೋಕೆ ಸ್ಮೋಕ್ ಮಷೀನ್ ಇದ್ದರೆ ಒಳ್ಳೆಯದು. ನಮ್ಮ ಹತ್ತಿರ ಇರಲಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಟರ್ಬೊದ ಇನ್‌ಟೇಕ್ ಹೋಸಿಗೆ ಕೂರುವ ಸೈಜಿನ ಪಿವಿಸಿ ಎಂಡ್ ಕ್ಯಾಪ್ ತಂದೆವು. ಅದರ ನಡುವೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಎಳೆದು ಕೂರಿಸಿದೆವು. ವಾಲ್ವ್ ಕೊಟ್ಟ ಪಂಚರ್ ಅಂಗಡಿ ಹುಡುಗ “ಅಣ್ಣಾ, ಪೈಪಿಗ್ಯಾಕೆ ವಾಲ್ವು?” ಅಂದ. ಬಾ ತೋರಿಸ್ತೀನಿ ಅಂದರೆ ಕಂಪ್ರೆಸರ್ ಸಮೇತ ಬಂದೇಬಿಟ್ಟ.

ಏರ್ ಫಿಲ್ಟರ್ ಬಾಕ್ಸ್ ಬಿಚ್ಚಿ, ಟರ್ಬೊಗೆ ಹೋಗುವ ಹೋಸಿನ ಬಾಯಿಗೆ ಈ ಕ್ಯಾಪ್ ಕೂರಿಸಿ ಕ್ಲಾಂಪ್ ಬಿಗಿಯಿರಿ. ಎಂಜಿನ್ ಆಫ್ ಇರಲಿ, ತಣ್ಣಗಿರಲಿ. ಕ್ಯಾಪಿನ ಎದುರು ಮುಖ ಇಟ್ಟುಕೊಂಡು ನಿಲ್ಲಬೇಡಿ, ಕಳಚಿಕೊಂಡರೆ ಗುಂಡಿನ ಹಾಗೆ ಹಾರುತ್ತದೆ. ಗಾಳಿಯನ್ನು ನಿಧಾನವಾಗಿ ಬಿಡಿ, 15 ಪಿಎಸ್‌ಐ ದಾಟಬೇಡಿ, ದಾಟಿದರೆ ಎಂಜಿನ್ನಿನ ಆಯಿಲ್ ಸೀಲ್‌ಗಳಿಗೆ ಪೆಟ್ಟು. ತೆರೆದಿರುವ ವಾಲ್ವ್‌ಗಳ ಮೂಲಕ ಸೈಲೆನ್ಸರ್ ಕಡೆ ಸ್ವಲ್ಪ ಸದ್ದು ಬಂದೇ ಬರುತ್ತದೆ, ಅದಕ್ಕೆ ಗಾಬರಿ ಬೇಡ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಅಲ್ಲಿಂದ ಜೋರಾಗಿ ಗಾಳಿ ನುಗ್ಗಿದರೆ ಮಾತ್ರ ಎಂಜಿನ್ ಒಳಗಿನ ಆವಿಯನ್ನು ಹೊರಬಿಡುವ ಬ್ರೀದರ್ ವಾಲ್ವ್ ನೋಡಿಸಿ.

8 ಪಿಎಸ್‌ಐವರೆಗೆ ಏನೂ ಇಲ್ಲ. ಮೇಲಿನ ಜಾಯಿಂಟ್‌ಗಳಿಗೆಲ್ಲ ಸೋಪು ನೀರು ಹಚ್ಚಿದೆವು, ಒಂದು ಗುಳ್ಳೆಯೂ ಏಳಲಿಲ್ಲ. 12 ದಾಟಿದಾಗ ಬಂಪರಿನ ಕೆಳಗೆಲ್ಲೋ ‘ಸ್ಸ್’ ಅಂತ ಸದ್ದು. ಹುಡುಗನ ಕಿವಿಗೆ ಮೊದಲು ಬಿತ್ತು, ದಿನವಿಡೀ ಅದೇ ಸದ್ದು ಕೇಳುವವನಲ್ಲವೇ. ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಕೆಳಗೆ ನುಸುಳಿ ಟಾರ್ಚ್ ಬಿಟ್ಟೆವು. ಇಂಟರ್‌ಕೂಲರ್‌ನ ಕೆಳಗಿನ ರಬ್ಬರ್ ಹೋಸಿನ ಮಡಿಕೆಯಲ್ಲಿ ಎಣ್ಣೆಯ ಪಸೆಗೆ ಧೂಳು ಮೆತ್ತಿ ಕಪ್ಪಗಾಗಿತ್ತು. ಒರೆಸಿದರೆ ರಬ್ಬರ್ ನೋಡೋಕೆ ಚೆನ್ನಾಗೇ ಇದೆ. ಸೋಪು ನೀರು ಸುರಿದ ಮೇಲೆ ಮೊದಲು ರಾಗಿ ಕಾಳಿನಂಥ ಗುಳ್ಳೆಗಳ ಸಾಲು ಎದ್ದಿತು. ಒತ್ತಡ ಏರಿಸಿದಂತೆ ಉಗುರಿನಷ್ಟು ಉದ್ದದ ಬಿರುಕು ಮೀನಿನ ಬಾಯಿಯ ಹಾಗೆ ತೆರೆದುಕೊಂಡಿತು. ಗಾಳಿ ನಿಲ್ಲಿಸಿದ ತಕ್ಷಣ ಮುಚ್ಚಿಕೊಂಡಿತು. ಮತ್ತೆ ಬಿಟ್ಟರೆ ಮತ್ತೆ ತೆರೆಯಿತು. ಮೂರು ಸಲ ಸುಮ್ನೆ ಅದನ್ನೇ ನೋಡುತ್ತಾ ಕೂತೆವು.

ಗ್ರಾಫಿನಲ್ಲಿ 3,000ದವರೆಗೆ ಎಲ್ಲ ಸರಿ ಇದ್ದದ್ದು ಯಾಕೆ ಅಂತ ಆಗ ಅರ್ಥವಾಯಿತು. ಕಂಪನಿ ಕೊಟ್ಟ ಒತ್ತಡದಲ್ಲಿ ಹೇಗೋ ಮುಚ್ಚಿಕೊಂಡಿದ್ದ ಬಿರುಕು ಟ್ಯೂನ್ ಏರಿಸಿದ ಒತ್ತಡಕ್ಕೆ ಬಾಯಿ ಬಿಟ್ಟಿತ್ತು. ಹೊಸ ಹೋಸ್ 2,800 ರೂಪಾಯಿ. ಟೇಪು, ಸೀಲಂಟ್ ಹಾಕಿ ಸುಧಾರಿಸೋಣ ಅಂತ ಹೋಗಬೇಡಿ, ಬಿಸಿ ಎಣ್ಣೆಯ ಮೇಲೆ ಯಾವುದೂ ನಿಲ್ಲಲ್ಲ.

ಆ ಗರಗಸದ ಹಲ್ಲು

ಹೋಸ್ ಹಾಕಿ ಡೈನೋ ಹತ್ತಿಸಿದೆವು. ಕರೆಕ್ಷನ್ ಇಲ್ಲದೆ 236. ಮೇಲಿನ ಹಲ್ಲುಗಳು ಮಾತ್ರ ಹಾಗೇ ಇವೆ, ಇನ್ನೂ ಚೂಪಾಗಿವೆ. ಸಿಲಿಂಡರ್ ಒಳಗೆ ಗಾಳಿ ಒತ್ತಾಗಿ ತುಂಬಿದಷ್ಟೂ ಕಿಡಿ ಹಾರುವುದು ಕಷ್ಟ. ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿತ್ತು, ಕಿವಿಗೆ ಕೇಳದಷ್ಟು ಸಣ್ಣದಾಗಿ.

ಒಂದೇ ಸಿಲಿಂಡರ್ ಮಿಸ್ಸಿಂಗ್ ಆದರೆ ಕಂಡುಹಿಡಿಯುವುದು ಸುಲಭ. ಪಿ0303 ಕೋಡ್ ಬಂದರೆ ಮೂರನೇ ಸಿಲಿಂಡರ್. ಅಲ್ಲಿನ ಕಾಯಿಲನ್ನು (ಪ್ಲಗ್‌ಗೆ ವಿದ್ಯುತ್ ಕೊಡುವ ಭಾಗ) ಒಂದನೆಯದಕ್ಕೆ ಹಾಕಿ ಓಡಿಸಿ. ಕೋಡ್ ಪಿ0301 ಆದರೆ ಕಾಯಿಲ್ ಹೋಗಿದೆ. ಅಲ್ಲೇ ಉಳಿದರೆ ಪ್ಲಗ್, ಇಲ್ಲವೇ ಇಂಜೆಕ್ಟರ್. ನನ್ನದರಲ್ಲಿ ನಾಲ್ಕೂ ಸಿಲಿಂಡರ್ ಒಂದೇ ಥರ ತಡವರಿಸುತ್ತಿದ್ದವು. ಪ್ಲಗ್ ಬಿಚ್ಚಿದರೆ ಬಣ್ಣ ಚೆನ್ನಾಗಿತ್ತು, ತಿಳಿ ಕಂದು. ಕಿಡಿ ಹಾರುವ ಗ್ಯಾಪ್ ಅಳೆದರೆ 0.8 ಮಿಲಿಮೀಟರ್. ಹೊಸ ಸೆಟ್ ತಂದು 0.6ಕ್ಕೆ ಹೊಂದಿಸಿ ಹಾಕಿದೆವು. ಪ್ಲಗ್ ಬಿಚ್ಚಿದಾಗ ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಚೆಲ್ಲಿದಂಥ ಚುಕ್ಕೆ, ಅಲ್ಯೂಮಿನಿಯಂ ಮಿನುಗು ಕಂಡರೆ ಅಲ್ಲಿಗೇ ನಿಲ್ಲಿಸಿ. ಅದು ನಾಕಿಂಗ್‌ಗೆ ಪಿಸ್ಟನ್ ಕರಗುತ್ತಿರುವ ಗುರುತು. ಓಡುವಾಗ ಎಂಜಿನ್ ಲೈಟ್ ಮಿಣುಕಿದರೂ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಸುಡದ ಪೆಟ್ರೋಲ್ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹಾಕುತ್ತದೆ.

ಪೆಟ್ರೋಲ್ ಬಗ್ಗೆ ಎರಡು ಮಾತು. ಲಾಗಿನಲ್ಲಿ ನಾಲ್ಕೂ ಸಿಲಿಂಡರಿನ ಟೈಮಿಂಗ್ ಒಟ್ಟಿಗೆ ನಾಲ್ಕೈದು ಡಿಗ್ರಿ ಕಡಿತ ಆಗುತ್ತಿದ್ದರೆ ಆಕ್ಟೇನ್ (ನಾಕಿಂಗ್ ತಡೆಯುವ ಪೆಟ್ರೋಲಿನ ಗುಣ) ಸಾಲುತ್ತಿಲ್ಲ, ಇಲ್ಲವೇ ಗಾಳಿ ತುಂಬಾ ಬಿಸಿ. 100 ಆಕ್ಟೇನ್‌ಗೆ ಬರೆಸಿದ ಟ್ಯೂನ್‌ನಲ್ಲಿ 95 ಹಾಕಿದರೆ ಹೀಗಾಗುತ್ತದೆ. 95ಕ್ಕೆ ಬರೆಸಿದ್ದಕ್ಕೆ 100 ಹಾಕಿದರೆ ಜೇಬು ಹಗುರಾಗುತ್ತದೆ, ಪಿಕಪ್ ಅಷ್ಟೇನೂ ಬದಲಾಗಲ್ಲ. ಇನ್ನು 20 ಪರ್ಸೆಂಟ್ ಎಥೆನಾಲ್ ಇರುವ ಪೆಟ್ರೋಲ್. ಅಷ್ಟೇ ಗಾಳಿಗೆ ಇದನ್ನು ಜಾಸ್ತಿ ಸುರಿಯಬೇಕು. ಟ್ಯೂನ್ ಮಾಡಿದ ಗಾಡಿಯ ಪಂಪು ಮೊದಲೇ ಮಿತಿಯ ಹತ್ತಿರ ಇರುತ್ತದೆ. ಮೇಲಿನ ಆರ್‌ಪಿಎಂನಲ್ಲಿ ರೈಲ್ ಪ್ರೆಶರ್ ಜಾರುತ್ತಿದ್ದರೆ ಆ ರನ್ ಅಲ್ಲೇ ನಿಲ್ಲಿಸಿ, ಪೆಟ್ರೋಲ್ ಸಾಲದೆ ಓಡಿದ ಎಂಜಿನ್ ಬಹಳ ಹೊತ್ತು ಬಾಳುವುದಿಲ್ಲ.

ಕಾನೂನಿನ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ. ಕಂಪನಿ ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಾಡು ಮಾಡುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ವಾರಂಟಿ, ಇನ್ಶೂರೆನ್ಸ್ ಕ್ಲೇಮ್ ಎರಡಕ್ಕೂ ತೊಂದರೆ ಆಗಬಹುದು. ಟ್ಯೂನ್ ಮಾಡಿಸುವ ಮುಂಚೆಯೇ ಇದನ್ನು ತೂಗಿ ನೋಡಿ.

ಹೊಸ ಪ್ಲಗ್ ಹಾಕಿದ ಮೇಲೆ ಗೆರೆ ನುಣ್ಣಗಾಯಿತು. 242, ಕರೆಕ್ಷನ್ ಇಲ್ಲದೆ. ಇನ್ನೂ 13 ಬಾಕಿ ಇದೆ ಅಂತ ಮೆಕ್ಯಾನಿಕ್ ಹತ್ತಿರ ಹೇಳಿದೆ. ಅವರು ಗೋಡೆಯ ಮೇಲಿನ ಥರ್ಮಾಮೀಟರ್ ಕಡೆ ಕೈ ತೋರಿಸಿದರು. ಏಪ್ರಿಲ್ ಮಧ್ಯಾಹ್ನ, ಶೆಡ್ಡಿನೊಳಗೆ 36 ಡಿಗ್ರಿ. “ಡಿಸೆಂಬರ್‌ನಲ್ಲಿ ಬೆಳಗ್ಗೆ ಏಳಕ್ಕೆ ಬನ್ನಿ ಸರ್, ಆಗ ಎಣಿಸೋಣ” ಅಂದರು. ಇಂಟರ್‌ಕೂಲರ್‌ಗೆ ಎತ್ತಿಟ್ಟಿದ್ದ ದುಡ್ಡಿನಲ್ಲಿ ಮುಂದಿನ ತಿಂಗಳು ನಾಲ್ಕೂ ಟೈರು ಬದಲಾಯಿಸಿದೆ. ಸೆಕೆಂಡ್ ಗೇರಿನಲ್ಲಿ ಹಳೆಯವು ಬರೀ ಜಾರುತ್ತಿದ್ದವು.